ಬಾಗಿಲ ಹೊರಗಿನ ದನಿ

ಹೋದ ತಿಂಗಳು ಕಣ್ಣಿನ ಡಾಕ್ಟರರನ್ನು ಕಾಣಲು ಗೋರೆಗಾಂವ್‌ಗೆ ಹೋಗಿದ್ದೆ. ಅವರ ಕ್ಲಿನಿಕ್ಕು ನಾಲ್ಕನೇ ಮಹಡಿಯಲ್ಲಿ. ಲಿಫ್ಟು ಮಾತ್ರ ಯಾರೂ ಕರೆಯದೆ ಎರಡನೇ ಮಹಡಿಯಲ್ಲಿ ನಿಂತು ಬಾಗಿಲು ತೆರೆಯಿತು. ಮಳೆಯಲ್ಲಿ ನೆನೆದು, ಎಸಿಯ ಗಾಳಿಗೆ ಅರ್ಧಂಬರ್ಧ ಒಣಗಿದ ಕಾರ್ಪೆಟ್ಟಿನ ವಾಸನೆ ಮೂಗಿಗೆ ಬಡಿಯಿತು. ಅದರ ಬೆನ್ನಿಗೇ ನುಸಿಗುಳಿಗೆಯ ಘಾಟು. ಅಲ್ಲೀಗ ಹತ್ತನೇ ಕ್ಲಾಸಿನ ಮಕ್ಕಳಿಗೆ ಕೋಚಿಂಗ್ ನಡೆಯುತ್ತದಂತೆ. ಮೊದಲು ಅಲ್ಲಿದ್ದ ಡಬ್ಬಿಂಗ್ ಸ್ಟುಡಿಯೋದ ಕಾರ್ಪೆಟ್ಟನ್ನು ಮಾತ್ರ ಯಾರೂ ಕಿತ್ತಿಲ್ಲ. ಪಕ್ಕದಲ್ಲಿದ್ದವರು ನನ್ನ ಮುಖ ನೋಡಿ, ಇಳಿಯಬೇಕೇ ಎಂದು ಕೇಳಿದರು. ಇಳಿಯಬೇಕಾಗಿರಲಿಲ್ಲ, ಆದರೂ ಇಳಿದೆ. ಗೋಡೆಗೆ ಒರಗಿ ಆ ವಾಸನೆಯನ್ನು ಒಂದಷ್ಟು ಹೊತ್ತು ಕುಡಿದೆ. ಕೊರೋನಾ ಕಳೆದ ಮೇಲಿನ ಒಂದು ಮಳೆಗಾಲವನ್ನು ನಾನು ಆ ಮಹಡಿಯಲ್ಲಿ ಒಬ್ಬ ಕೊಲೆಗಾರನ ಜೊತೆ ಕಳೆದಿದ್ದೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಕೊಲೆಯ ಸಿನಿಮಾ ಆಗಿಬರುವುದಿಲ್ಲ. ಪರದೆಯ ಮೇಲೆ ಚಾಕು ಕಂಡರೆ ಸೆರಗಿನಿಂದ ಮುಖ ಮುಚ್ಚಿಕೊಳ್ಳುವವಳು ನಾನು. ನಮ್ಮ ಮನೆತನ ಧಾರವಾಡದ್ದು, ನಾನು ಹುಟ್ಟಿ ಬೆಳೆದದ್ದು ಮುಲುಂಡಿನಲ್ಲಿ. ಅಲ್ಲೇ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಮಕ್ಕಳು ಕಡಿಮೆಯಾಗುತ್ತ ಆಗುತ್ತ ಕೊನೆಗೆ ಶಾಲೆ ಮುಚ್ಚಿತು. ಬೆಳಗ್ಗೆ ಎದ್ದರೆ ಬೈಯಲು ಒಂದು ಮಗುವೂ ಇಲ್ಲ ಎಂದು ನಾನು ಚಡಪಡಿಸುತ್ತಿದ್ದಾಗ ಹಳೆಯ ಶಿಷ್ಯ ಪ್ರಸಾದ್ ಫೋನು ಮಾಡಿದ. ಅವನೀಗ ಡಬ್ಬಿಂಗ್ ಡೈರೆಕ್ಟರ್. ಮೊಬೈಲಿನಲ್ಲಿ ನೋಡುವ ಒಂದು ಹಿಂದಿ ಸಿನಿಮಾವನ್ನು ಕನ್ನಡಕ್ಕೆ ತರಬೇಕಿತ್ತು, ಮಾತು ಬರೆದುಕೊಡಿ ಎಂದ. ದೇವರ ಕತೆಯೋ ಎಂದು ಕೇಳಿದೆ. "ದೇವ್ರು ನಹೀ ಟೀಚರ್, ಸೀರಿಯಲ್ ಕಿಲ್ಲರ್," ಎಂದ. ಫೋನು ಇಟ್ಟುಬಿಡುವವಳಿದ್ದೆ. ಮನೆಯ ಗೋಡೆ ನೋಡುತ್ತ ಕೂರುವುದಕ್ಕಿಂತ ಕೊಲೆಗಾರನೇ ವಾಸಿ ಅನಿಸಿತು.

ಸಿನಿಮಾದ ಕತೆ ಹೀಗೆ. ಊರಿನಲ್ಲಿ ಒಂಟಿಯಾಗಿ ಇರುವ ಹೆಣ್ಣುಮಕ್ಕಳು ಒಬ್ಬರಾದ ಮೇಲೆ ಒಬ್ಬರು ಸಾಯುತ್ತಾರೆ. ಯಾರ ಮನೆಯ ಚಿಲಕವೂ ಮುರಿದಿರುವುದಿಲ್ಲ, ಎಲ್ಲರೂ ತಾವಾಗಿಯೇ ಬಾಗಿಲು ತೆರೆದಿರುತ್ತಾರೆ. ಕೊಲೆಗಾರನ ಬಳಿ ಇರುವುದು ಒಂದು ದನಿ. ಆ ದನಿಯಲ್ಲಿ ಕರೆದರೆ ಒಳಗಿದ್ದವರಿಗೆ ತಮ್ಮವರೇ ಯಾರೋ ಬಂದರು ಅನಿಸುತ್ತದೆ. ಅವನ ಬೆನ್ನು ಹತ್ತಿ ನಿದ್ದೆಗೆಟ್ಟ ಪೊಲೀಸ್ ಪತ್ತೇದಾರಿಣಿ ಕೊನೆಕೊನೆಗೆ ತನ್ನ ಬಾಗಿಲ ಹೊರಗೂ ಅದೇ ದನಿ ಕೇಳಿದಂತಾಗಿ ಹುಚ್ಚಿಯಂತಾಗುತ್ತಾಳೆ. ಕೊಲೆಗಾರ ಯಾಕೆ ಹೀಗಾದ ಎಂಬುದಕ್ಕೂ ಕಾರಣವಿದೆ. ಚಿಕ್ಕವನಿದ್ದಾಗ ಅವನ ತಾಯಿ ಅವನನ್ನು ಹೊರಗೆ ಬಿಟ್ಟು ಕದ ಹಾಕಿಕೊಂಡವಳು ಮತ್ತೆ ತೆಗೆದಿರಲಿಲ್ಲ.

ಈ ಕೊಲೆಗಾರನಿಗೆ ದನಿ ಕೊಡಲು ಪ್ರಸಾದ್ ಹುಡುಕಿ ತಂದದ್ದು ಚೆಂಬೂರಿನ ವಾಸಣ್ಣನನ್ನು. ಕುಂದಾಪುರದ ಕಡೆಯವರು, ಜೀವಮಾನವಿಡೀ ಹೋಟೆಲಿನ ಗಲ್ಲೆಯ ಮೇಲೆ ಕೂತು ದುಡ್ಡು ಎಣಿಸಿದವರು. ಮಗನ ಸಂಸಾರದ ಜೊತೆ ಇದ್ದರು. ಇರುವೆ ಕಂಡರೆ ದಾಟಿ ಹೋಗುವ ಮನುಷ್ಯ. ಆದರೆ ಭಾನುವಾರ ಬಂದರೆ ಯಾವುದಾದರೂ ಹಾಲ್‌ನಲ್ಲಿ ತಾಳಮದ್ದಳೆಗೆ ಕೂತು ರಾಕ್ಷಸರ ಅರ್ಥ ಹೇಳುತ್ತಿದ್ದರು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿದ ಮೇಲೆ ಅರ್ಥಧಾರಿಗಳು ಪಂಚೆ ಶಲ್ಯದಲ್ಲಿ ಎದುರುಬದುರು ಕೂತು, ತಮ್ಮ ಪಾತ್ರವೇ ಸರಿ ಎಂದು ವಾದ ಮಾಡುತ್ತಾರೆ. ಬರೆದಿಟ್ಟ ಮಾತಿಲ್ಲ, ಬಾಯಿಗೆ ಬಂದದ್ದೇ ಬಂಡವಾಳ. ವಾಸಣ್ಣನ ರಾಕ್ಷಸನನ್ನು ಸೋಲಿಸಲು ಎದುರಿನವರಿಗೆ ಬೆವರು ಕಿತ್ತುಬರುತ್ತಿತ್ತಂತೆ. ಕೇಳುವವರು ಮಾತ್ರ ಮುಂದಿನ ಎರಡು ಸಾಲಿನ ಮುದುಕರು. ತಮ್ಮ ದನಿ ಕರ್ನಾಟಕದ ಮನೆಮನೆಗೆ ಹೋಗುತ್ತದೆ ಎಂದು ಗೊತ್ತಾದ ದಿನ ಅವರಿಗೆ ಊಟ ಸೇರಲಿಲ್ಲವೆಂದು ಅವರೇ ಹೇಳಿದ್ದರು.

ಮೊದಲ ದಿನವೇ ಫಜೀತಿ. ಡಬ್ಬಿಂಗಿನಲ್ಲಿ ಒಬ್ಬೊಬ್ಬರದು ಒಂದೊಂದು ದಿನ. ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಒಬ್ಬರೇ ನಿಂತು, ಪರದೆಯಲ್ಲಿ ತುಟಿ ಅಲುಗಿದಷ್ಟೇ ಹೊತ್ತು ಮಾತಾಡಬೇಕು. ವಾಸಣ್ಣ ಸುತ್ತ ನೋಡಿ, ಎದುರಾಳಿ ಎಲ್ಲಿ ಎಂದು ಕೇಳಿದರು. ಪೊಲೀಸಮ್ಮನ ದನಿಯವಳು ಬರುವುದು ಮುಂದಿನ ವಾರ ಎಂದಾಗ ಅವರ ಮುಖ ಬಾಡಿತು. ಎದುರಿಗೆ ಮನುಷ್ಯರಿಲ್ಲದೆ ತಮಗೆ ಬಾಯಿ ಬರುವುದಿಲ್ಲ ಎಂದರು. ಕೊನೆಗೆ ನಾನೇ ಗಾಜಿನ ಈಚೆ ಕೂತು, ಅವರ ಹೆಡ್‌ಫೋನಿಗೆ ಕೇಳುವಂತೆ ಪೊಲೀಸಮ್ಮನ ಮಾತು ಓದುವುದು ಎಂದಾಯಿತು. ಕೊಲೆಯ ಸಿನಿಮಾ ನೋಡಲಾರದವಳು ಕೊಲೆಗಾರನ ವಿಚಾರಣೆಗೆ ಕೂತೆ.

ನಾನು, "ಆ ಹುಡುಗಿ ನಿನಗೇನು ಅನ್ಯಾಯ ಮಾಡಿದ್ದಳು?" ಎಂದು ಓದಿದೆ. ಪರದೆಯ ಮೇಲಿನವನದು ಒಂದೇ ಸಾಲಿನ ಉತ್ತರ. ವಾಸಣ್ಣ ಅದನ್ನು ಹೇಳಿ ನಿಲ್ಲಲಿಲ್ಲ. ಅನ್ಯಾಯ ಎಂದರೆ ಏನು, ಅಳೆಯುವವರು ಯಾರು, ಹೊರಗೆ ನಿಂತವನ ಚಳಿ ಒಳಗಿದ್ದವರಿಗೆ ಹೇಗೆ ತಿಳಿದೀತು ಎಂದು ಶುರುಹಚ್ಚಿಕೊಂಡರು. ಪರದೆಯಲ್ಲಿ ಅವನು ತುಟಿ ಮುಚ್ಚಿ, ಎದ್ದು, ಜೀಪು ಹತ್ತಿ ಹೋದ ಮೇಲೂ ಇವರ ವಾದ ನಡೆದೇ ಇತ್ತು. ನನಗೂ ತಡೆಯಲಾಗಲಿಲ್ಲ. ಬರೆದದ್ದನ್ನು ಬದಿಗಿಟ್ಟು ನಾನೂ ತಿರುಗೇಟು ಕೊಟ್ಟೆ. ಪ್ರಸಾದ್ ತಲೆ ಮೇಲೆ ಕೈಹೊತ್ತು, ಕೊನೆಗೆ ಬಿದ್ದು ಬಿದ್ದು ನಕ್ಕ. ಅವತ್ತು ಪೊಲೀಸಮ್ಮ ಸೋತಳು ಎಂದು ಒಪ್ಪಿಕೊಳ್ಳಲೇಬೇಕು.

ಹಾಗೆ ಆಷಾಢದ ಮಳೆ ಶುರುವಾಯಿತು. ಕಿಟಕಿ ಇಲ್ಲದ ಆ ಕೋಣೆಯಲ್ಲಿ ಮಳೆ ಕೇಳುತ್ತಿರಲಿಲ್ಲ, ನಮ್ಮ ಚಪ್ಪಲಿಗಳ ಜೊತೆ ಒಳಗೆ ಬಂದು ಕಾರ್ಪೆಟ್ಟಿನಲ್ಲಿ ಕೂರುತ್ತಿತ್ತು. ವಾಸಣ್ಣ ಮಾತನ್ನು ತುಟಿಗೆ ಕಟ್ಟುವುದನ್ನು ಕಲಿತರು. ಆದರೆ ದನಿ ಕೂಡಿಬರಲಿಲ್ಲ. ಬಾಗಿಲ ಹೊರಗೆ ನಿಂತು ಕರೆಯುವ ಆ ಮುಖ್ಯ ಮಾತು ಬಂದಾಗಲೆಲ್ಲ ಅವರು ರಂಗಸ್ಥಳದ ರಾಕ್ಷಸನಾಗಿ ಗುಡುಗುತ್ತಿದ್ದರು. ಒಳಗಿದ್ದವಳು ಹೆದರಬಾರದು, ನಂಬಬೇಕು ಎಂದು ಪ್ರಸಾದ್ ಮತ್ತೆ ಮತ್ತೆ ಹೇಳಿದ. ನಾನು ಬರೆದದ್ದು, "ಬಾಗಿಲು ತೆರೆ ಮಗಳೇ, ನಾನು ಬಂದಿದ್ದೇನೆ" ಎಂದು. ವಾಸಣ್ಣ ಅದನ್ನು ಓದಿ, ಇದು ನಾಟಕದ ರಾಜ ಬಂದ ಹಾಗೆ ಉಂಟು ಟೀಚ್ರೆ ಎಂದು ನನ್ನನ್ನು ಛೇಡಿಸಿದರು. ಆಮೇಲೆ ಕಣ್ಣು ಮುಚ್ಚಿ, ಮೈಕಿಗೆ ಸ್ವಲ್ಪ ಹತ್ತಿರ ಬಂದು, ಯಾರನ್ನೋ ನಿಜವಾಗಿ ಕರೆಯುವಂತೆ ಮೆಲ್ಲಗೆ ಹೇಳಿದರು.

"ಬಾಗ್ಲ್ ತೆಗಿ ಮಗಾ, ನಾನ್ ಬಂದೆ."

ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಬಾಗಿಲು ತೆಗೆಯಲೆಂದೇ ಎದ್ದದ್ದು. ಪ್ರಸಾದ್ ಹೆಡ್‌ಫೋನು ಕಳಚಿ ಮೇಜಿನ ಮೇಲಿಟ್ಟ. ಎಲ್ಲಿಂದ ತಂದಿರಿ ಈ ದನಿ ಎಂದು ಆಮೇಲೆ ಕೇಳಿದಾಗ ವಾಸಣ್ಣ ನಾಚಿಕೊಂಡರು. ಅವರು ದಿನಾ ಸಂಜೆ ತಿರುಗಾಟ ಮುಗಿಸಿ ಮನೆಗೆ ಬಂದಾಗ ಮೊಮ್ಮಗಳನ್ನು ಕರೆಯುವುದೇ ಹೀಗಂತೆ. ಅವರ ಕಡೆ ಹೆಣ್ಣುಮಗುವೂ ಮಗಾನೇ. ಬೆಲ್ಲು ಒತ್ತುವುದಿಲ್ಲ. ಗಲ್ಲೆಯ ಮೇಲೆ ಕೂತು ಟಿಂಗ್ ಟಿಂಗ್ ಎಂದು ಗಂಟೆ ಹೊಡೆದು ಮಾಣಿಗಳನ್ನು ಕರೆದದ್ದು ಸಾಕು, ಮನೆಯವರನ್ನು ಬಾಯಿಂದಲೇ ಕರೆಯಬೇಕು ಎಂದು ಅವರ ಹಟ. ಅನ್ವಿ ಎಂಬ ಆ ಮೊಮ್ಮಗಳಿಗೆ ಆಗ ಎರಡನೇ ಕ್ಲಾಸು. ಕನ್ನಡ ತಿಳಿಯುತ್ತಿತ್ತು, ಆಡಲು ಹೋದರೆ ಹಿಂದಿ ಬರುತ್ತಿತ್ತು. ಶಾಲೆಯಿಂದ ಬಂದ ಮೇಲೆ ತಂದೆತಾಯಿ ಆಫೀಸಿನಿಂದ ಬರುವ ತನಕ ಅಜ್ಜ, ಮೊಮ್ಮಗಳು ಇಬ್ಬರದೇ ರಾಜ್ಯ. ತಿರುಗಾಟದ ಹೊತ್ತಿಗೆ ಮಾತ್ರ ಪಕ್ಕದ ಮನೆಯಾಕೆ ಬಂದು ಕೂರುತ್ತಿದ್ದರು. ಅಜ್ಜನ ಕರೆ ಕೇಳಿದರೆ ಎಲ್ಲಿದ್ದರೂ ಓಡಿಬಂದು ಬಾಗಿಲು ತೆಗೆಯುವುದು ಆ ಮಗುವಿನ ಕೆಲಸ. ಬೇರೆ ಯಾರಾದರೂ ತೆಗೆದರೆ ರಂಪ ಮಾಡುತ್ತಿದ್ದಳಂತೆ.

ಸಿನಿಮಾ ಮಾಡಿದವರಿಗೆ ಆ ಒಂದು ಮಾತು ಎಷ್ಟು ಹಿಡಿಸಿತೆಂದರೆ, ಕೆಲಸ ಮುಗಿಯುವ ಮೊದಲೇ ಅದನ್ನಿಟ್ಟು ಒಂದು ಪ್ರೋಮೋ ಬಿಟ್ಟರು. ಕತ್ತಲೆ ಪರದೆ, ಮಳೆಯ ಸದ್ದು, ವಾಸಣ್ಣನ ಕರೆ, ಚಿಲಕ ಜಾರುವ ಶಬ್ದ, ಆಮೇಲೆ ಒಂದು ಹೆಣ್ಣಿನ ಚೀರಾಟ. ವಾಸಣ್ಣನ ಮಗ ಹೆಮ್ಮೆಯಿಂದ ಅದನ್ನು ಮನೆಯ ಟೀವಿಗೆ ಹಾಕಿ ಎಲ್ಲರಿಗೂ ತೋರಿಸಿದ.

ಎರಡು ದಿನ ಬಿಟ್ಟು ವಾಸಣ್ಣ ಸ್ಟುಡಿಯೋಗೆ ಬಂದಾಗ ಟಿಫಿನ್ ಡಬ್ಬಿ ಬಿಚ್ಚದೆ ಕೂತಿದ್ದರು. ಯಾವಾಗಲೂ ಎಲ್ಲರಿಗೂ ಹಂಚುವ ಮನುಷ್ಯ.

"ಯಾಕ್ರೀ ವಾಸಣ್ಣ, ಏನಾತು?" ಎಂದೆ.

"ಅವಳು ಬಾಗಿಲು ತೆಗೀಲಿಲ್ಲ ಟೀಚ್ರೆ."

ಉಳಿದದ್ದನ್ನು ಬಿಡಿಸಿ ಬಿಡಿಸಿ ಕೇಳಬೇಕಾಯಿತು. ಸಂಜೆ ಎಂದಿನಂತೆ ಕರೆದಿದ್ದಾರೆ. ಒಳಗೆ ಓಡಿಬಂದ ಕಾಲಿನ ಸದ್ದು ಬಾಗಿಲ ಹತ್ತಿರ ನಿಂತಿದೆ. ಮತ್ತೆ ಕರೆದಿದ್ದಾರೆ. ಕಾಲಿನ ಸದ್ದು ಹಿಂದೆ ಹಿಂದೆ ಹೋಗಿದೆ. ಕೀಲಿ ಜೇಬಿನಲ್ಲೇ ಇತ್ತು, ಆದರೆ ಮಗು ಒಳಗಿನ ಚಿಲಕ ಹಾಕಿಕೊಂಡಿತ್ತು. ಪಕ್ಕದ ಮನೆಯಾಕೆ ಒಲೆಯ ಮೇಲಿಟ್ಟದ್ದನ್ನು ಇಳಿಸಿ ಬರಲು ತಮ್ಮ ಮನೆಗೆ ಹೋಗಿದ್ದರು. ಅವರು ಬಂದು ಎಷ್ಟು ಸಮಾಧಾನ ಹೇಳಿದರೂ ಮಗು ಚಿಲಕ ತೆಗೆಯಲಿಲ್ಲ. ಸೊಸೆ ಆಫೀಸಿನಿಂದ ಬರುವ ತನಕ ವಾಸಣ್ಣ ಒದ್ದೆ ಅಂಗಿಯಲ್ಲಿ ಬಿಲ್ಡಿಂಗಿನ ಪ್ಯಾಸೇಜಿನಲ್ಲಿ ನಿಂತಿದ್ದರು. ಹೋಗಿ ಬರುವವರೆಲ್ಲ ಕೀಲಿ ಮರೆತಿರಾ ಎಂದು ಕೇಳಿದರಂತೆ, ಅವರು ಹೌದು ಎಂದರಂತೆ. ಅಂದಿನಿಂದ ಅನ್ವಿ ಅಜ್ಜನ ಪಕ್ಕದಲ್ಲಿ ಮಲಗುವುದನ್ನೂ ಬಿಟ್ಟಳು. ಕರೆದರೆ ತಾಯಿಯ ಹಿಂದೆ ಅಡಗುತ್ತಿದ್ದಳು.

"ಭಾನುವಾರದ ರಾಕ್ಷಸ ಪುಸ್ತಕದ ಕನ್ನಡ ಮಾತಾಡ್ತಾನೆ," ಎಂದರು ವಾಸಣ್ಣ. "ಅವನನ್ನು ಹಾಲ್‌ನಲ್ಲೇ ಬಿಟ್ಟು ಬರಬಹುದು. ಇವನಿಗೆ ನಾನು ಮನೆಯ ಮಾತೇ ಕೊಟ್ಟುಬಿಟ್ಟೆ."

ಪ್ರೋಮೋದಲ್ಲಿ ಆ ದನಿ ಕೇಳಿ ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬಳು.

ಇದಕ್ಕೆ ಮದ್ದು ವಾಸಣ್ಣನೇ ಕಂಡುಕೊಂಡರು. ಅವರ ಊರಿನಲ್ಲಿ ಮಕ್ಕಳು ಯಕ್ಷಗಾನದ ಆಟದ ರಾಕ್ಷಸನಿಗೆ ಹೆದರಿ ಜ್ವರ ಹಿಡಿದು ಮಲಗಿದರೆ, ಹಿರಿಯರು ಮುಂದಿನ ಆಟಕ್ಕೆ ಮಗುವನ್ನು ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ ಕರೆದೊಯ್ಯುತ್ತಿದ್ದರಂತೆ. ನಮ್ಮ ಹಾಗೇ ಇರುವ ಒಬ್ಬ ಮನುಷ್ಯ ಕನ್ನಡಿಯ ಮುಂದೆ ಕೂತು ಬಣ್ಣ ಬಳಿದುಕೊಳ್ಳುತ್ತ, ಕಿರೀಟ ಕಟ್ಟಿಕೊಳ್ಳುತ್ತ ಸ್ವಲ್ಪ ಸ್ವಲ್ಪವಾಗಿ ರಾಕ್ಷಸನಾಗುವುದನ್ನು ಕಂಡರೆ ಮಗುವಿನ ಹೆದರಿಕೆ ಬಿಟ್ಟುಹೋಗುತ್ತದೆ. ಚಿಕ್ಕಂದಿನಲ್ಲಿ ತಮಗೂ ಹಾಗೇ ವಾಸಿಯಾಗಿತ್ತು, ಅನ್ವಿಗೂ ನಮ್ಮ ಚೌಕಿ ತೋರಿಸಿಬಿಡುತ್ತೇನೆ ಎಂದರು. ಪ್ರಸಾದ್ ಒಪ್ಪಿದ. ನಾನೂ ಬಹಳ ಒಳ್ಳೆಯದು ಎಂದೆ. ಮೂವರಿಗೂ ತಲೆ ಓಡಲಿಲ್ಲ.

ಶನಿವಾರ ಸೊಸೆ ಮಗುವನ್ನು ಕರೆತಂದಳು. ಎರಡು ಜಡೆ, ಕೆಂಪು ರೇನ್‌ಕೋಟು. ಪ್ರಸಾದ್ ಮೈಕು ತೋರಿಸಿದ, ತನ್ನ ಕುರ್ಚಿಯಲ್ಲಿ ಕೂರಿಸಿಕೊಂಡು ಬಟನ್ನು ಒತ್ತಿಸಿದ. ಅವಳು ನಕ್ಕಳು ಕೂಡ. ವಾಸಣ್ಣ ಗಾಜಿನ ಕೋಣೆಗೆ ಹೋಗಿ, ಅವಳಿಗೆ ಕೈ ಬೀಸಿ, ಅವತ್ತಿನ ಪಾಲಿನ ಮಾತು ಹೇಳಿದರು. "ತೆಗೀದೆ ಎಲ್ಲಿಗೆ ಹೋಗ್ತಿ ಮಗಾ? ತೆಗಿಯೋ ತನಕ ನಾ ಬಿಡುದಿಲ್ಲ."

ಬಳಿಯಲು ಬಣ್ಣ ಇರಲಿಲ್ಲ. ಕಟ್ಟಲು ಕಿರೀಟ ಇರಲಿಲ್ಲ. ಅಜ್ಜ ದಿನಾ ಹಾಕುವ ಅದೇ ಗೀಟಿನ ಅಂಗಿ, ಅದೇ ಕನ್ನಡಕ, ಅದೇ ಮುಖ. ಆ ಮುಖದಿಂದಲೇ ಆ ಮಾತು ಬಂದದ್ದನ್ನು ಮಗು ಕಣ್ಣಾರೆ ಕಂಡಿತು. ಅಲ್ಲಿಯ ತನಕ ಅವಳ ಮನಸ್ಸಿನ ಮೂಲೆಯಲ್ಲಿ ಅದು ಬೇರೆ ಯಾರೋ ಇರಬಹುದು ಎಂಬ ಸಣ್ಣ ಆಸೆಯಾದರೂ ಇತ್ತೇನೋ. ಅವಳು ಅಳಲಿಲ್ಲ. ನನ್ನ ಸೀರೆಯ ನೆರಿಗೆಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಳು. ಇಷ್ಟು ವರ್ಷ ಮಕ್ಕಳ ನಡುವೆ ಇದ್ದವಳು ನಾನು, ಅಂಥ ಹಿಡಿತವನ್ನು ಕಂಡಿರಲಿಲ್ಲ. ಗಾಜಿನ ಆಚೆ ವಾಸಣ್ಣ ಹೆಡ್‌ಫೋನು ಕಳಚಿ ನಿಂತಿದ್ದರು. ಮದ್ದೇ ವಿಷವಾಯಿತು ಎಂದು ಅವರಿಗೂ ಗೊತ್ತಾಗಿತ್ತು.

ಸೋಮವಾರ ಬಂದವರೇ, ನಾನು ಈ ಕೆಲಸ ಬಿಟ್ಟುಬಿಡುತ್ತೇನೆ, ಬೇರೆ ದನಿ ನೋಡಿ ಎಂದರು. ಉಳಿದದ್ದು ಕೊನೆಯ ವಿಚಾರಣೆಯ ಸೀನು ಒಂದೇ. ಅವರು ಕಾದದ್ದೂ ಆ ಸೀನಿಗೇ. ಅರ್ಥಧಾರಿಗೆ ಅಂಥ ಅವಕಾಶ ಸಿಗುವುದು ಜನ್ಮಕ್ಕೊಂದು ಸಲ. ಪ್ರಸಾದ್ ಕಂಗಾಲಾದ. ಬಿಟ್ಟರೆ ಇಡೀ ಸಿನಿಮಾಕ್ಕೆ ಮತ್ತೆ ದನಿ ಕೊಡಿಸಬೇಕು. ನಾನು ವಾಸಣ್ಣನನ್ನು ಕೆಳಗಿನ ಚಹಾದ ಅಂಗಡಿಗೆ ಕರೆದೊಯ್ದೆ. ಅವರು ಗ್ಲಾಸು ಹಿಡಿದು ಮಳೆ ನೋಡುತ್ತ ಕೂತರು. ಪ್ಯಾಸೇಜಿನಲ್ಲಿ ನಿಂತಿದ್ದಾಗ ಆ ಕೊಲೆಗಾರನ ಸಂಕಟ ಮೊದಲ ಸಲ ತಮಗೆ ತಿಳಿಯಿತು, ಅಲ್ಲಿಯ ತನಕ ಮಾಡಿದ ವಾದವೆಲ್ಲ ಬರೀ ಬಾಯಿಮಾತು ಎಂದರು. ನಾನು ಆ ಸಂಕಟವನ್ನು ಕೊನೆಯ ಸೀನಿಗೆ ಹಾಕಿರಿ ಎಂದೆ. ಗ್ಲಾಸು ಕೆಳಗಿಟ್ಟು ಒಪ್ಪಿದರು, ಒಂದೇ ಷರತ್ತಿನ ಮೇಲೆ.

"ಮಗಾ ಅನ್ನೋ ಶಬ್ದ ಮಾತ್ರ ನನಗೆ ವಾಪಸ್ ಬೇಕು. ಅದು ಅವಳದ್ದು. ನಾನು ಕೇಳದೆ ಕೊಟ್ಟುಬಿಟ್ಟೆ."

ಪ್ರಸಾದ್ ಮೊದಲು ಕುಣಿದಾಡಿದ. "ಉಸೀ ಮೇ ತೋ ಜಾನ್ ಹೈ ಟೀಚರ್. ಅದನ್ನ ತೆಗೆದ್ರೆ ಎಂತ ಉಳೀತದೆ?" ಪ್ರೋಮೋ ಹೊರಗೆ ಹೋಗಿದೆ, ಮೇಲಿನವರಿಗೆ ಏನು ಹೇಳಲಿ ಎಂದ. ಮಾತು ಬರೆದವಳು ನಾನು, ತುಟಿಗೆ ಕೂರುತ್ತಿರಲಿಲ್ಲ ಅಂತ ನನ್ನ ಮೇಲೆ ಹಾಕು ಎಂದೆ. ಅವನು ನನ್ನನ್ನು ನೋಡಿದ. ನನಗೆ ತಪ್ಪು ಲೆಕ್ಕ ಮಾಡಿ ಮೂಲೆಯಲ್ಲಿ ನಿಂತ ಎಂಟು ವರ್ಷದ ಪ್ರಸಾದನೇ ಕಂಡ. ಆಮೇಲೆ ಹೋಗಿ ಹಳೆಯ ಸೀನುಗಳನ್ನು ಹುಡುಕಿ ತೆಗೆದ. ಆ ಶಬ್ದ ಬಂದಲ್ಲೆಲ್ಲ ವಾಸಣ್ಣ ಮತ್ತೆ ಹೇಳಿದರು. ಅದಿಲ್ಲದ ಕರೆ ಸ್ವಲ್ಪ ಬೋಳುಬೋಳಾಗಿ ಕೇಳಿತು. ಇರಲಿ ಬಿಡಿ, ಕೊಲೆಗಾರನಿಗೆ ಅಷ್ಟು ಸಾಕು.

ಕೊನೆಯ ಸೀನಿನ ದಿನ ಬೆಳಗಿನಿಂದಲೇ ಆಕಾಶ ಹರಿದುಬಿದ್ದಂಥ ಮಳೆ. ಯಾಕೆ ಕೊಂದೆ ಎಂದು ನಾನು ಓದಿದೆ. ವಾಸಣ್ಣ ಒಂದು ಅಕ್ಷರವನ್ನೂ ಸೇರಿಸಲಿಲ್ಲ, ವಾದ ಮಾಡಲಿಲ್ಲ. ಒಬ್ಬರೂ ಬಾಗಿಲು ತೆಗೆಯಲಿಲ್ಲ ಎಂಬ ಆ ಮಾತನ್ನು ತುಟಿ ಅಲುಗಿದಷ್ಟೇ ಹೊತ್ತು ಹೇಳಿ ನಿಲ್ಲಿಸಿದರು. ಪ್ರಸಾದ್ ಒಂದೇ ಸಲಕ್ಕೆ ಓಕೆ ಎಂದ, ಅದೂ ಬಹಳ ಮೆಲ್ಲಗೆ.

ಹೊರಗೆ ಬಂದರೆ ಲೋಕಲ್ ರೈಲುಗಳು ನಿಂತಿದ್ದವು. ಕುರ್ಲಾದಲ್ಲಿ ಹಳಿಯ ಮೇಲೆ ನೀರು. ರಿಕ್ಷಾ ಹಿಡಿದು ಹೇಗೋ ಚೆಂಬೂರು ಮುಟ್ಟಿದೆವು. ಅಲ್ಲಿಂದ ಮುಲುಂಡಿಗೆ ದಾರಿಯೇ ಇಲ್ಲ, ಮನೆಗೆ ಬನ್ನಿ ಟೀಚ್ರೆ ಎಂದು ವಾಸಣ್ಣ ಕರೆದುಕೊಂಡು ಹೋದರು. ಮಗ ಸೊಸೆ ಇಬ್ಬರೂ ಆಫೀಸಿನಲ್ಲೇ ಸಿಕ್ಕಿಬಿದ್ದಿದ್ದರು. ಅನ್ವಿಯ ಜೊತೆಗಿದ್ದ ಪಕ್ಕದ ಮನೆಯಾಕೆ ನಮಗೆ ಮೆಟ್ಟಿಲ ಬುಡದಲ್ಲಿ ಸಿಕ್ಕರು. ನೆಲಮಾಳಿಗೆಗೆ ನೀರು ನುಗ್ಗಿದೆ, ಸ್ಕೂಟರು ಮೇಲೆ ಎತ್ತಿಸಲು ಈಗಷ್ಟೇ ಇಳಿದೆ, ಮಗು ಒಳಗಿದೆ ಎಂದರು.

ಬಾಗಿಲ ಮುಂದೆ ವಾಸಣ್ಣ ನಿಂತರು. ಕೈ ಬೆಲ್ಲಿನ ತನಕ ಹೋಗಿ ಕೆಳಗಿಳಿಯಿತು. ನಾನು ಕರೆಯಲೇ ಎಂದು ಸನ್ನೆ ಮಾಡಿದೆ, ಬೇಡವೆಂದು ತಲೆಯಾಡಿಸಿದರು. ಗಂಟಲು ಸರಿಮಾಡಿಕೊಂಡು, ಹಳೆಯ ಹಾಗೇ ಕರೆದರು.

"ಬಾಗ್ಲ್ ತೆಗಿ ಮಗಾ, ನಾನ್ ಬಂದೆ."

ಒಳಗೆ ಓಡಿಬಂದ ಸದ್ದು. ಬಾಗಿಲಿಗೆ ಅಂಟಿಕೊಂಡಂತೆ ನಿಂತಿತು.

"ಕೌನ್?"

"ಅಜ್ಜ."

ಆ ಸಣ್ಣ ದನಿ ತಡವರಿಸುತ್ತ ಕನ್ನಡದಲ್ಲೇ ಕೇಳಿತು. "ಯಾವ ಅಜ್ಜ?"

ಎದುರಿಗೆ ಯಾರು ಕೂತರೂ ಉತ್ತರಕ್ಕೆ ತಡಕಾಡದ ಮನುಷ್ಯ. ನನ್ನನ್ನೇ ಗಾಜಿನ ಆಚೆಯಿಂದ ಸೋಲಿಸಿದ್ದವರು. ಅವತ್ತು ವಾದಕ್ಕೆ ಇಳಿಯಲಿಲ್ಲ. ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಅದರಲ್ಲಿ ಮಳೆ ಎಷ್ಟೋ, ಕಣ್ಣೀರು ಎಷ್ಟೋ. ಅವರು ಕೊಡೆಯನ್ನು ಗೋಡೆಗೆ ಒರಗಿಸಿ, ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಆ ಒದ್ದೆ ನೆಲದ ಮೇಲೆ ಕೂತರು.

"ಬೇಡದಿದ್ರೆ ತೆಗೀಬೇಡ ಮಗಾ," ಎಂದರು. "ನಾನು ಇಲ್ಲೇ ಕೂತುಕೊಳ್ತೇನೆ."

ನಾನೂ ಅವರ ಪಕ್ಕದಲ್ಲಿ ಕೂತೆ. ಮೇಲಿನ ಮಹಡಿಯವರೊಬ್ಬರು ನಮ್ಮನ್ನು ದಾಟಿಕೊಂಡು ಹೋದರು. ಕೀಲಿ ಮರೆತಿರಾ ಎಂದು ಅವರು ಕೇಳಲಿಲ್ಲ, ಒಳ್ಳೆಯದಾಯಿತು. ಮಳೆ ಸುರಿಯುತ್ತಲೇ ಇತ್ತು. ಒಳಗೆ ಸ್ಟೂಲು ಎಳೆದ ಸದ್ದಾಯಿತು. ಮೇಲಿನ ಚಿಲಕ ಜಾರಿತು.

ಅನ್ವಿ ಬಾಗಿಲನ್ನು ಒಂದು ಗೇಣು ತೆರೆದು, ನೆಲದ ಮೇಲೆ ಕೂತ ಅಜ್ಜನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಕೇಸು ಮುಗಿಸಿದ ಪತ್ತೇದಾರಿಣಿಯ ಗಾಂಭೀರ್ಯದಿಂದ ಹೇಳಿದಳು.

"ಆಂಟಿ, ವೋ ‘ತೆಗೀಬೇಡ’ ನಹೀ ಬೋಲ್ತಾ. ಇದು ನಮ್ಮ ಅಜ್ಜ."

ಗೋಡೆಗೆ ಒರಗಿಸಿದ್ದ ಕೊಡೆಯನ್ನು ಎತ್ತಿಕೊಂಡು, ನೀರು ಸುರಿಸುತ್ತ ಒಳಗೆ ಹೋಗಿ ಬಾತ್‌ರೂಮಿನಲ್ಲಿ ಬಿಚ್ಚಿಟ್ಟಳು. ಬಾಗಿಲನ್ನು ತೆರೆದೇ ಬಿಟ್ಟಿದ್ದಳು.